ಜಿಟಿಕೆ ಅಪ್ಲಿಕೇಶನ್ ವರ್ಗ

ಗ್ನೋಮ್ ಡೆಸ್ಕ್‌ಟಾಪಿಗೆ ಅಡಿಪಾಯವಾದ ಜಿಟಿಕೆ ಟೂಲ್‌ಕಿಟ್‌ನಲ್ಲಿ ಒಂದು ಪ್ರೋಗ್ರಾಮಿನ ಆರಂಭ, ಓಟ ಮತ್ತು ಮುಕ್ತಾಯವನ್ನು ನೋಡಿಕೊಳ್ಳುವ ವರ್ಗ. ಪೂರ್ಣ ಹೆಸರು ಜಿಟಿಕೆಅಪ್ಲಿಕೇಶನ್. ಜಿಲಿಬ್ ಗ್ರಂಥಾಲಯದ ಜೊತೆಗೆ ಬರುವ ಜಿಅಪ್ಲಿಕೇಶನ್ ಇದರ ಮೂಲವರ್ಗ. ಬಟನ್, ಮೆನು, ವಿಂಡೋಗಳಂತೆ ಇದು ಪರದೆಯ ಮೇಲೆ ಕಾಣುವ ವಸ್ತುವಲ್ಲ. ಆದರೂ ವಿಂಡೋ ಯಾವಾಗ ಹುಟ್ಟಬೇಕು, ಎಷ್ಟು ಹುಟ್ಟಬೇಕು, ಕೊನೆಯ ವಿಂಡೋ ಮುಚ್ಚಿದ ಮೇಲೆ ಏನಾಗಬೇಕು ಎಂಬುದೆಲ್ಲ ಇಲ್ಲೇ ತೀರ್ಮಾನವಾಗುತ್ತದೆ. ಕಲಿಯುವವರು ಇದನ್ನು ಹತ್ತು ಸಾಲಿನ ಔಪಚಾರಿಕತೆ ಎಂದು ನಕಲು ಮಾಡಿ ಮುಂದೆ ಹೋಗುವುದು ರೂಢಿ. ವಾಸ್ತವದಲ್ಲಿ ಪ್ರೋಗ್ರಾಮಿನ ಸ್ವಭಾವ ನಿರ್ಧಾರವಾಗುವುದು ಆ ಹತ್ತು ಸಾಲಿನಲ್ಲೇ.

ಹಿನ್ನೆಲೆ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ತಮ್ಮ ಗಿಂಪ್ ಚಿತ್ರಸಂಪಾದಕವನ್ನು ಮೊದಲು ಮೋಟಿಫ್ ಟೂಲ್‌ಕಿಟ್ ಬಳಸಿ ಬರೆದಿದ್ದರು. ಮೋಟಿಫ್ ಆಗ ಮುಕ್ತ ತಂತ್ರಾಂಶವಾಗಿರಲಿಲ್ಲ. ಅದರ ಬದಲಿಗೆ ಗಿಂಪ್‌ಗೆಂದೇ ಕಟ್ಟಿಕೊಂಡ ಟೂಲ್‌ಕಿಟ್ ಜಿಟಿಕೆಯಾಯಿತು. 1.0 ಆವೃತ್ತಿ 1998ರಲ್ಲಿ, 2.0 ಆವೃತ್ತಿ 2002ರಲ್ಲಿ ಹೊರಬಂದವು. ಈ ಎರಡರಲ್ಲೂ ಅಪ್ಲಿಕೇಶನ್ ಎಂಬ ವರ್ಗವೇ ಇರಲಿಲ್ಲ. ಟೂಲ್‌ಕಿಟ್ ಸಿದ್ಧಗೊಳಿಸುವ ಒಂದು ಕರೆ, ವಿಂಡೋ ಕಟ್ಟುವ ನಾಲ್ಕಾರು ಸಾಲು, ಮುಖ್ಯ ಲೂಪ್ ಆರಂಭಿಸುವ ಇನ್ನೊಂದು ಕರೆ ಇದ್ದರೆ ಪ್ರೋಗ್ರಾಂ ಓಡುತ್ತಿತ್ತು. ವಿಂಡೋ ಮುಚ್ಚಿದಾಗ ಲೂಪ್ ನಿಲ್ಲಿಸುವ ಹೊಣೆ ಬರೆಯುವವರದು. ಅದನ್ನು ಮರೆತರೆ ಪರದೆಯಿಂದ ವಿಂಡೋ ಮಾಯವಾದ ಮೇಲೂ ಪ್ರೋಗ್ರಾಂ ಹಿನ್ನೆಲೆಯಲ್ಲಿ ಉಳಿಯುತ್ತಿತ್ತು.

ಈ ವ್ಯವಸ್ಥೆಯ ದೊಡ್ಡ ಕೊರತೆ ಬೇರೆಯದು. ಒಂದು ನಿಘಂಟು ಪ್ರೋಗ್ರಾಂ ಇದೆ ಎನ್ನೋಣ. ಬಳಕೆದಾರರು ಅದರ ಐಕಾನನ್ನು ಬೆಳಿಗ್ಗೆ ಒಮ್ಮೆ, ಅದು ತೆರೆದೇ ಇರುವುದನ್ನು ಮರೆತು ಮಧ್ಯಾಹ್ನ ಇನ್ನೊಮ್ಮೆ ಒತ್ತುತ್ತಾರೆ. ಈಗ ಒಂದಕ್ಕೊಂದು ಪರಿಚಯವಿಲ್ಲದ ಎರಡು ಪ್ರಕ್ರಿಯೆಗಳು ಓಡುತ್ತಿವೆ, ಎರಡೂ ಗುರುತಿಟ್ಟ ಪದಗಳ ಒಂದೇ ಫೈಲಿಗೆ ಬರೆಯುತ್ತಿವೆ. ಯಾವುದು ಕೊನೆಗೆ ಮುಚ್ಚುತ್ತದೋ ಅದರ ಪಟ್ಟಿಯೇ ಉಳಿಯುತ್ತದೆ, ಇನ್ನೊಂದರಲ್ಲಿ ಗುರುತಿಟ್ಟದ್ದೆಲ್ಲ ಅಳಿಯುತ್ತದೆ.

ಇದಕ್ಕೆ ಪ್ರತಿ ತಂಡವೂ ತನ್ನದೇ ಉಪಾಯ ಮಾಡಿಕೊಂಡಿತು. ಸುಲಭದ ಉಪಾಯವೆಂದರೆ ಬೀಗದ ಫೈಲು: ಮೊದಲು ಓಡಿದ ಪ್ರಕ್ರಿಯೆ ಹೋಮ್ ಡೈರೆಕ್ಟರಿಯಲ್ಲಿ ತನ್ನ ಸಂಖ್ಯೆಯನ್ನು ಬರೆದಿಡುತ್ತದೆ, ಎರಡನೆಯದು ಅದನ್ನು ಕಂಡು ಹಿಂದೆ ಸರಿಯುತ್ತದೆ. ಆದರೆ ಪ್ರೋಗ್ರಾಂ ಕುಸಿದು ಬಿದ್ದರೆ ಬೀಗ ಹಾಗೇ ಉಳಿದು, ಮುಂದೆ ತೆರೆಯಲು ಹೋದಾಗ ಇಲ್ಲದ ಪ್ರಕ್ರಿಯೆಗಾಗಿ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹೋಮ್ ಡೈರೆಕ್ಟರಿಯನ್ನು ಜಾಲದ ಮೂಲಕ ಹಂಚಿಕೊಂಡ ಪ್ರಯೋಗಾಲಯಗಳಲ್ಲಂತೂ ಬೇರೆ ಯಂತ್ರದ ಬೀಗ ಇಲ್ಲಿ ಅಡ್ಡ ಬರಬಹುದಿತ್ತು. ಕೆಲವರು ಸಾಕೆಟ್ ಬಳಸಿದರು, ಕೆಲವರು ಗ್ನೋಮ್‌ನ ಹಳೆಯ ಬೊನೊಬೊ ವ್ಯವಸ್ಥೆಯನ್ನು ನೆಚ್ಚಿದರು. ಇಮ್ಯಾನುಯೆಲೆ ಬಾಸ್ಸಿ ಬರೆದ ಲಿಬ್‌ಯೂನೀಕ್ ಗ್ರಂಥಾಲಯ ಈ ಕೆಲಸವನ್ನು ಒಂದೆಡೆ ತಂದ ಮುಖ್ಯ ಪ್ರಯತ್ನ. ಇಂದಿನ ವರ್ಗದ ಹಿರಿಯ ಎಂದು ಅದನ್ನು ಕರೆಯುವುದು ಬಹುಶಃ ತಪ್ಪಾಗದು.

ಪರಿಹಾರಕ್ಕೆ ಗಟ್ಟಿ ನೆಲ ಒದಗಿಸಿದ್ದು ಡಿ-ಬಸ್. 2006ರಲ್ಲಿ 1.0 ಆವೃತ್ತಿ ಕಂಡ ಈ ಸಂದೇಶ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ ಒಂದು ಹೊತ್ತಿನಲ್ಲಿ ಒಬ್ಬನೇ ಒಡೆಯ. ಒಡೆಯನಾದ ಪ್ರಕ್ರಿಯೆ ಹೇಗೆ ಸತ್ತರೂ ಅದರ ಸಂಪರ್ಕ ಕಡಿದು ಹೆಸರು ತಾನಾಗಿ ಬಿಡುಗಡೆಯಾಗುತ್ತದೆ. ಹಳೆಯ ಬೀಗ ಉಳಿಯುವ ಪ್ರಶ್ನೆಯೇ ಇಲ್ಲ. ಇದರ ಮೇಲೆ ರಯನ್ ಲಾರ್ಟಿ ಪ್ರಧಾನವಾಗಿ ರೂಪಿಸಿದ ಜಿಅಪ್ಲಿಕೇಶನ್ 2011ರ ಫೆಬ್ರವರಿಯಲ್ಲಿ ಜಿಲಿಬ್ 2.28ರೊಂದಿಗೆ ಬಂತು. ಅದೇ ತಿಂಗಳು ಬಂದ ಜಿಟಿಕೆ 3.0ರಲ್ಲಿ ಜಿಟಿಕೆಅಪ್ಲಿಕೇಶನ್ ಸೇರಿತು. 2020ರ ಡಿಸೆಂಬರ್‌ನಲ್ಲಿ ಬಂದ ಜಿಟಿಕೆ 4.0 ಹಳೆಯ ಮುಖ್ಯ ಲೂಪ್ ಕರೆಯನ್ನೇ ತೆಗೆದುಹಾಕಿತು. ಅಲ್ಲಿಂದಾಚೆಗೆ ಹೊಸ ಪ್ರೋಗ್ರಾಮುಗಳಿಗೆ ಈ ವರ್ಗವೇ ಸಹಜ ದಾರಿ.

ರಚನೆಯ ಕ್ರಮ

ವರ್ಗದ ಒಂದು ವಸ್ತುವನ್ನು ಸೃಷ್ಟಿಸುವಾಗ ಎರಡು ವಿವರ ಕೊಡಬೇಕು: ಗುರುತಿನ ಹೆಸರು ಮತ್ತು ಫ್ಲ್ಯಾಗ್‌ಗಳು. ಬಳಿಕ ಆಕ್ಟಿವೇಟ್ ಸಿಗ್ನಲ್ಲಿಗೆ ಒಂದು ಕಾರ್ಯವನ್ನು ಜೋಡಿಸಿ, ರನ್ ಎಂಬ ವಿಧಾನವನ್ನು ಕರೆದರಾಯಿತು. ರನ್ ಒಳಗೆ ನಡೆಯುವುದನ್ನು ಅರಿತವರಿಗೆ ಉಳಿದದ್ದು ಸುಲಭ.

ಮೊದಲು ಕಮ್ಯಾಂಡ್ ಲೈನ್ ಪರಿಶೀಲನೆ ನಡೆಯುತ್ತದೆ. ನಂತರ ಪ್ರಕ್ರಿಯೆ ತನ್ನ ಗುರುತಿನ ಹೆಸರನ್ನು ಡಿ-ಬಸ್‌ನ ಸೆಶನ್ ಬಸ್‌ನಲ್ಲಿ ಕೇಳುತ್ತದೆ. ಹೆಸರು ಸಿಕ್ಕರೆ ಅದು ಪ್ರಧಾನ ಪ್ರತಿ. ಸ್ಟಾರ್ಟಪ್ ಸಿಗ್ನಲ್ ಹೊರಡುತ್ತದೆ, ಅದರ ಹಿಂದೆಯೇ ಆಕ್ಟಿವೇಟ್. ಹೆಸರು ಈಗಾಗಲೇ ಇನ್ನೊಬ್ಬರ ಕೈಯಲ್ಲಿದ್ದರೆ ಹೊಸ ಪ್ರಕ್ರಿಯೆ ದೂರದ ಪ್ರತಿಯಾಗುತ್ತದೆ. ಆಗ ಅದು ಸ್ಟಾರ್ಟಪ್ ಹೊರಡಿಸದೆ, ಆಕ್ಟಿವೇಟ್ ಕೋರಿಕೆಯನ್ನು ಬಸ್ ಮೂಲಕ ಪ್ರಧಾನ ಪ್ರತಿಗೆ ಕಳಿಸಿ ತಾನು ನಿರ್ಗಮಿಸುತ್ತದೆ. ನಿಘಂಟಿನ ಐಕಾನನ್ನು ಮಧ್ಯಾಹ್ನ ಒತ್ತಿದಾಗ ಬೆಳಿಗ್ಗೆ ತೆರೆದ ವಿಂಡೋವೇ ಮುಂದೆ ಬರಲು ಸಾಧ್ಯವಾಗುವುದು ಹೀಗೆ.

ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಒಂದು ಓಟದಲ್ಲಿ ಸ್ಟಾರ್ಟಪ್ ಒಮ್ಮೆ ಮಾತ್ರ ಬರುತ್ತದೆ, ಆಕ್ಟಿವೇಟ್ ಎಷ್ಟು ಸಲ ಬೇಕಾದರೂ ಬರಬಹುದು. ಹಾಗಾಗಿ ನಿಘಂಟಿನ ದತ್ತಾಂಶ ತೆರೆಯುವ, ಮೆನು ಮತ್ತು ಕೀಲಿ ಸಂಯೋಜನೆಗಳನ್ನು ಹೊಂದಿಸುವ ಕೆಲಸ ಸ್ಟಾರ್ಟಪ್‌ನಲ್ಲಿರಬೇಕು. ಆಕ್ಟಿವೇಟ್‌ನಲ್ಲಿ ಸಕ್ರಿಯ ವಿಂಡೋ ಇದೆಯೇ ಎಂದು ಮೊದಲು ಕೇಳಿ, ಇಲ್ಲದಿದ್ದರೆ ಮಾತ್ರ ಹೊಸದನ್ನು ಕಟ್ಟಿ, ಯಾವುದಿದೆಯೋ ಅದನ್ನು ಪ್ರೆಸೆಂಟ್ ವಿಧಾನದಿಂದ ಮುಂದೆ ತರಬೇಕು. ಆರಂಭಿಕ ಪಾಠಗಳ ಅನೇಕ ಮಾದರಿಗಳು ಈ ಪ್ರಶ್ನೆಯನ್ನು ಕೇಳದೆ ನೇರವಾಗಿ ವಿಂಡೋ ಕಟ್ಟುತ್ತವೆ. ಒಂದೇ ವಿಂಡೋ ಸಾಕಾದ ಪ್ರೋಗ್ರಾಮುಗಳಲ್ಲಿ ಅದು ದೋಷವೇ.

ಇನ್ನೊಂದು ಎಚ್ಚರಿಕೆ ಉಪವರ್ಗ ಬರೆಯುವವರಿಗೆ. ಜಿಟಿಕೆ ಸಿದ್ಧಗೊಳ್ಳುವುದು ಜಿಟಿಕೆಅಪ್ಲಿಕೇಶನ್‌ನ ಸ್ಟಾರ್ಟಪ್ ವಿಧಾನದೊಳಗೆ. ತಮ್ಮ ಸ್ಟಾರ್ಟಪ್ ಬರೆಯುವವರು ಅದನ್ನು ಮೊದಲು ಕರೆಯಲೇಬೇಕು. ಪೈಥಾನ್‌ನಲ್ಲಿ ಬರೆಯುವಾಗ ಕನ್‌ಸ್ಟ್ರಕ್ಟರ್‌ನಲ್ಲೇ ವಿಂಡೋ ಕಟ್ಟುವ ಆಸೆ ಸಹಜ, ಆದರೆ ಆ ಹೊತ್ತಿಗೆ ಸ್ಟಾರ್ಟಪ್ ಇನ್ನೂ ನಡೆದಿರುವುದಿಲ್ಲ.

ಮುಕ್ತಾಯವನ್ನು ನಿಯಂತ್ರಿಸುವುದು ಒಂದು ಬಳಕೆ ಎಣಿಕೆ. ಪ್ರತಿ ವಿಂಡೋ ಸೇರಿದಾಗ ಅದು ಏರುತ್ತದೆ, ಮುಚ್ಚಿದಾಗ ಇಳಿಯುತ್ತದೆ, ಸೊನ್ನೆಗೆ ಬಂದಾಗ ರನ್ ಹಿಂತಿರುಗುತ್ತದೆ. ವಿಂಡೋ ಕಟ್ಟಿ ಅದನ್ನು ಅಪ್ಲಿಕೇಶನ್ನಿಗೆ ಸೇರಿಸಲು ಮರೆತರೆ ಎಣಿಕೆ ಏರುವುದೇ ಇಲ್ಲ, ದೋಷದ ಸೂಚನೆಯೂ ಇಲ್ಲದೆ ಪ್ರೋಗ್ರಾಂ ತಕ್ಷಣ ಮುಗಿದುಹೋಗುತ್ತದೆ. ವಿಂಡೋ ಇಲ್ಲದೆ ಓಡಬೇಕಾದ ಸೇವೆಗಳು ಹೋಲ್ಡ್ ಮತ್ತು ರಿಲೀಸ್ ವಿಧಾನಗಳಿಂದ ಎಣಿಕೆಯನ್ನು ತಾವೇ ನಿರ್ವಹಿಸುತ್ತವೆ.

ಫ್ಲ್ಯಾಗ್‌ಗಳು ಮತ್ತು ಆಕ್ಷನ್‌ಗಳು

ಫೈಲು ತೆರೆಯಬಲ್ಲ ಪ್ರೋಗ್ರಾಮಿಗೆ ಹ್ಯಾಂಡಲ್ಸ್ ಓಪನ್ ಫ್ಲ್ಯಾಗ್ ಅಗತ್ಯ. ಆಗ ಫೈಲುಗಳೊಂದಿಗೆ ಆರಂಭಿಸಿದರೆ ಆಕ್ಟಿವೇಟ್ ಬದಲು ಓಪನ್ ಸಿಗ್ನಲ್ ಬರುತ್ತದೆ. ನಾನ್ ಯೂನೀಕ್ ಫ್ಲ್ಯಾಗ್ ಕೊಟ್ಟರೆ ಏಕಪ್ರತಿ ವ್ಯವಸ್ಥೆ ನಿಲ್ಲುತ್ತದೆ. ಮೆನು ಮತ್ತು ಕೀಲಿಗಳ ಹಿಂದಿರುವ ಆಕ್ಷನ್‌ಗಳಲ್ಲಿ ಇಡೀ ಪ್ರೋಗ್ರಾಮಿಗೆ ಸೇರಿದವು ಆ್ಯಪ್ ಎಂಬ, ಒಂದು ವಿಂಡೋಗೆ ಸೇರಿದವು ವಿನ್ ಎಂಬ ಪೂರ್ವಪದ ಪಡೆಯುತ್ತವೆ.

ಗುರುತಿನ ಹೆಸರು

ಗುರುತಿನ ಹೆಸರಿನಲ್ಲಿ, ತಿರುವುಮುರುವಾದ ಡೊಮೇನ್ ಹೆಸರಿನಂತೆ, ಚುಕ್ಕಿಗಳಿಂದ ಬೇರ್ಪಟ್ಟ ಕನಿಷ್ಠ ಎರಡು ಭಾಗಗಳಿರಬೇಕು, ಒಟ್ಟು ಉದ್ದ 255 ಅಕ್ಷರ ಮೀರಬಾರದು, ಯಾವ ಭಾಗವೂ ಅಂಕಿಯಿಂದ ಆರಂಭವಾಗಬಾರದು. ರೋಮನ್ ಅಕ್ಷರ, ಅಂಕಿ, ಅಡಿಗೆರೆ, ಕಿರುಗೆರೆಗಳಿಗೆ ಮಾತ್ರ ಅವಕಾಶ, ಕನ್ನಡ ಅಕ್ಷರ ಇಲ್ಲಿ ಸಲ್ಲದು. ಬಳಕೆದಾರರಿಗೆ ಕಾಣುವ ಹೆಸರು ಬೇರೆಯೇ. ಅದನ್ನು ಡೆಸ್ಕ್‌ಟಾಪ್ ಫೈಲಿನಲ್ಲಿ ಕನ್ನಡದ ಭಾಷಾಸಂಕೇತದೊಂದಿಗೆ ಬರೆದರೆ ಕನ್ನಡ ಆಯ್ದುಕೊಂಡವರಿಗೆ ಕನ್ನಡದಲ್ಲೇ ಕಾಣುತ್ತದೆ.

ಡೆಸ್ಕ್‌ಟಾಪ್ ಫೈಲಿನ ಹೆಸರು, ಐಕಾನ್, ಪ್ರೋಗ್ರಾಮಿನೊಳಗೆ ಅಡಕವಾದ ಸಂಪನ್ಮೂಲಗಳ ದಾರಿ, ಫ್ಲ್ಯಾಟ್‌ಪ್ಯಾಕ್ ಪೊಟ್ಟಣದ ಹೆಸರು ಎಲ್ಲವೂ ಸಾಮಾನ್ಯವಾಗಿ ಈ ಗುರುತಿಗೇ ಹೊಂದಿಕೊಂಡಿರುತ್ತವೆ. ಫ್ಲ್ಯಾಟ್‌ಪ್ಯಾಕ್‌ಗೆ ಕನಿಷ್ಠ ಮೂರು ಭಾಗ ಬೇಕು. ಬಿಡುಗಡೆಯಾದ ಮೇಲೆ ಗುರುತು ಬದಲಿಸಿದರೆ ಇವೆಲ್ಲವನ್ನೂ ಬದಲಿಸಬೇಕು, ಬಳಕೆದಾರರ ಹಳೆಯ ಆಯ್ಕೆಗಳು ಕೈತಪ್ಪುವ ಸಾಧ್ಯತೆಯೂ ಇದೆ. ಆದ್ದರಿಂದ ಮೊದಲ ವಿಂಡೋ ಕಟ್ಟುವ ಮುನ್ನವೇ, ತಮ್ಮ ಹಿಡಿತದಲ್ಲಿರುವ ಡೊಮೇನ್ ಆಧರಿಸಿ, ಮೂರು ಭಾಗಗಳ ಗುರುತನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.