ಪುಟದಿಂದ ತೊಟ್ಟಿಗೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಬೋರ್‌ವೆಲ್ ಮೋಟಾರು ಸುಟ್ಟರೆ ರೈತ ಓಡುವುದು ರಿವೈಂಡಿಂಗ್ ಅಂಗಡಿಗೆ. ಕರಕಲಾದ ಸುರುಳಿ ಕಿತ್ತು ಅಲ್ಲಿ ಸುತ್ತುವ ಹೊಸ ತಾಮ್ರದ ತಂತಿ ಚೊಕ್ಕವಾಗಿರಲೇಬೇಕು. ಕಬ್ಬಿಣವೋ ರಂಜಕವೋ ಚೂರು ಬೆರೆತರೂ ತಂತಿಯ ತಡೆ ಹೆಚ್ಚುತ್ತದೆ, ಸುರುಳಿ ಕಾಯುತ್ತದೆ. ಆ ಚೊಕ್ಕತನ ಕುಲುಮೆಯಲ್ಲಿ ಹುಟ್ಟಿದ್ದಲ್ಲ, ವಿದ್ಯುತ್ತಿನ ತೊಟ್ಟಿಯಲ್ಲಿ.

ಲೋಹ ಶುದ್ಧಿ ಬಹುಕಾಲ ಬೆಂಕಿಯದೇ ಕೆಲಸ. ಅಕ್ಕಸಾಲಿ ಪುಟಕ್ಕಿಟ್ಟು, ಒರೆಗಲ್ಲಿಗೆ ಉಜ್ಜಿ, ಬಣ್ಣ ನೋಡಿ ಅಪರಂಜಿ ಹೌದೋ ಅಲ್ಲವೋ ಹೇಳುತ್ತಿದ್ದ. ತಾಮ್ರದೊಳಗೆ ಅಡಗಿದ ಬೆಳ್ಳಿ, ಚಿನ್ನ ಮಾತ್ರ ಬೆಂಕಿಗೆ ಸುಲಭವಾಗಿ ಬಗ್ಗಲಿಲ್ಲ. ಚಮಚ, ತಟ್ಟೆಗಳಿಗೆ ಬೆಳ್ಳಿ ಲೇಪ ಕೊಡುವುದರಲ್ಲಿ ಹೆಸರಾಗಿದ್ದ ಬರ್ಮಿಂಗ್‌ಹ್ಯಾಮಿನ ಮನೆತನದ ಜೇಮ್ಸ್ ಎಲ್ಕಿಂಗ್ಟನ್ 1865ರಲ್ಲಿ ವಿದ್ಯುತ್ತಿನಿಂದ ತಾಮ್ರ ಶುದ್ಧಿ ಮಾಡುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ. 1869ರಲ್ಲಿ ವೇಲ್ಸ್‌ನ ಪೆಂಬ್ರೆಯಲ್ಲಿ ಕಾರ್ಖಾನೆ ಎದ್ದಿತು.

ವಿಧಾನ ಇಷ್ಟೇ. ಮೈಲುತುತ್ತದ ಆಮ್ಲೀಯ ದ್ರಾವಣದಲ್ಲಿ ಒರಟು ತಾಮ್ರದ ದಪ್ಪ ಹಲಗೆ ಧನಧ್ರುವ, ಎದುರಿನ ತೆಳು ತಗಡು ಋಣಧ್ರುವ. ವಿದ್ಯುತ್ ಹರಿದಂತೆ ಹಲಗೆ ಕರಗುತ್ತ ಬರುತ್ತದೆ, ತಗಡಿನ ಮೇಲೆ ಶುದ್ಧ ತಾಮ್ರ ಕೂರುತ್ತದೆ. ಕಬ್ಬಿಣ, ಸತು ದ್ರಾವಣದಲ್ಲೇ ಉಳಿಯುತ್ತವೆ. ಕರಗಲೊಲ್ಲದ ಬೆಳ್ಳಿ, ಚಿನ್ನ ತಳದಲ್ಲಿ ಕೆಸರಾಗಿ ನಿಲ್ಲುತ್ತವೆ. ಕೆಸರೇ ಖರ್ಚು ತುಂಬಿಕೊಡುವ ವ್ಯವಹಾರ ಇನ್ನೊಂದಿರಲಾರದು! ತಾಮ್ರದ ಶುದ್ಧತೆ ಶೇ. 99.99ರವರೆಗೆ ಏರುತ್ತದೆ. ಚಿನ್ನಕ್ಕೂ ಅಷ್ಟೇ ಶುದ್ಧತೆ ತಂದುಕೊಟ್ಟವನು ಹ್ಯಾಂಬರ್ಗಿನ ಎಮಿಲ್ ವೋಲ್‌ವಿಲ್.

ಇದಕ್ಕೆಲ್ಲ ಬೇಕಾದದ್ದು ಅಗ್ಗದ ವಿದ್ಯುತ್ತು. ಮೈಸೂರು ಸಂಸ್ಥಾನ ಅದನ್ನು ಬೇಗನೇ ಕಂಡುಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಪಿರಿಯಾಪಟ್ಟಣ, ಕೆ.ಆರ್. ನಗರ ದಾಟಿದ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ, ಎಚ್.ಡಿ. ಕೋಟೆಯ ಕಪಿಲೆ ಎಲ್ಲ ಸೇರಿಯೇ ಶಿವನಸಮುದ್ರದ ಜಲಪಾತ. ಬೇಸಿಗೆಯಲ್ಲೂ ಅಲ್ಲಿಗೆ ನೀರು ಸಾಲಬೇಕೆಂಬುದು ಕನ್ನಂಬಾಡಿ ಕಟ್ಟೆ ಕಟ್ಟಿದ್ದಕ್ಕೆ ಒಂದು ಮುಖ್ಯ ಕಾರಣ. ಆದರೆ ಕೋಲಾರಕ್ಕೆ ಹೋದ ವಿದ್ಯುತ್ತು ದುಡಿದದ್ದು ಬಹುಪಾಲು ಗಣಿಯ ಯಂತ್ರಗಳಿಗೆ. ಲೋಹ ಶುದ್ಧಿಯ ತೊಟ್ಟಿಗಳಿಗಲ್ಲ.

ಚಿನ್ನದ ಕೆಲಸಕ್ಕೆ ತೊಟ್ಟಿ ಕಾಲಿಟ್ಟದ್ದನ್ನು ನೋಡಲು ರಾಯಚೂರು ಜಿಲ್ಲೆಯ ಹಟ್ಟಿಗೆ ಹೋಗಬೇಕು. ಅಲ್ಲಿ ಅದಿರಿನ ಪುಡಿಯಿಂದ ಸಯನೈಡ್ ಚಿನ್ನವನ್ನು ಕರಗಿಸುತ್ತದೆ, ಇದ್ದಿಲು ಅದನ್ನು ಹೀರುತ್ತದೆ. ಇದ್ದಿಲಿನಿಂದ ಬಿಡಿಸಿದ ದ್ರಾವಣಕ್ಕೆ ವಿದ್ಯುತ್ ಹಾಯಿಸಿದಾಗ ಚಿನ್ನ ಋಣಧ್ರುವಕ್ಕೆ ಅಂಟುತ್ತದೆ. ಇದು ಶುದ್ಧೀಕರಣವಲ್ಲ, ಹೊರತೆಗೆಯುವ ಹಂತ. ತತ್ತ್ವ ಮಾತ್ರ ಅದೇ.

ತಾಮ್ರದಲ್ಲಿ ಕರ್ನಾಟಕದ ಕಥೆ ಅರ್ಧಕ್ಕೇ ನಿಂತಿತು. ಚಿತ್ರದುರ್ಗದ ಇಂಗಳದಾಳಿನಲ್ಲಿ ಅದಿರು ತೆಗೆದರು, ದೊಡ್ಡ ಶುದ್ಧೀಕರಣ ಕಾರ್ಖಾನೆಗಳು ಮಾತ್ರ ರಾಜಸ್ಥಾನದ ಖೇತ್ರಿ, ಗುಜರಾತಿನ ದಹೇಜ್, ತಮಿಳುನಾಡಿನ ತೂತ್ತುಕುಡಿಯಲ್ಲಿ ಬಂದವು. ತೂತ್ತುಕುಡಿಯದು 2018ರಲ್ಲಿ ಮುಚ್ಚಿತು.

ಬೆಳಗಾವಿಯ ಅಲ್ಯುಮಿನಿಯಂ ಕಾರ್ಖಾನೆಯ ಕಥೆ ಬೇರೆ. ಒಂದು ಟನ್ ತಾಮ್ರದ ಶುದ್ಧಿಗೆ ಕೆಲವೇ ನೂರು ಯೂನಿಟ್ ಸಾಕು. ಅಲ್ಯುಮಿನಾದಿಂದ ಒಂದು ಟನ್ ಅಲ್ಯುಮಿನಿಯಂ ಬಿಡಿಸಲು ಹದಿಮೂರು ಸಾವಿರಕ್ಕೂ ಮಿಕ್ಕಿ ಬೇಕು. ಕರೆಂಟಿನ ಬಿಲ್ಲೇ ಅಲ್ಲಿ ಕಾರ್ಖಾನೆಯ ಹಣೆಬರಹ. ಬೆಳಗಾವಿಯಲ್ಲಿ ಲೋಹ ಬಿಡಿಸುವ ತೊಟ್ಟಿಗಳು ನಿಂತುಹೋದವು, ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವ ಘಟಕ ಉಳಿದುಕೊಂಡಿತು.