ಗಂಟೆ, ಗಳಿಗೆ, ವೋರ್: ಹಳೆಯ ಗೋವೆಯ ಹೊತ್ತು

ಕನ್ನಡದಲ್ಲಿ ‘ಗಂಟೆ’ ಎಂಬ ಒಂದೇ ಮಾತು ಬಾರಿಸುವ ವಸ್ತುವನ್ನೂ ಕಾಲದ ಅಳತೆಯನ್ನೂ ಸೂಚಿಸುತ್ತದೆ. ಹತ್ತು ಗಂಟೆಯಾಯಿತು ಎನ್ನುವವನ ಮಾತಿನಲ್ಲಿ ಹತ್ತು ಸಲ ಬಡಿದ ಕಂಚಿನ ನೆನಪು ಅವನ ಅರಿವಿಗೆ ಬಾರದೆಯೇ ಉಳಿದಿರುತ್ತದೆ. ಕೊಂಕಣಿಯಲ್ಲಿ ಇವೆರಡೂ ಬೇರೆಬೇರೆ. ಬಾರಿಸುವುದು ‘ಘಾಂಟ್’; ಕಾಲದ ಅಳತೆ ‘ವೋರ್’, ಬಹುವಚನದಲ್ಲಿ ‘ವೊರಾಂ’. ಎರಡನೆಯದು ಪೋರ್ಚುಗೀಸ್ ಭಾಷೆಯಿಂದ ಬಂದ ಪದ. ಗೋವೆಯಿಂದ ದಕ್ಷಿಣಕ್ಕೆ ವಲಸೆ ಹೋದ ಕ್ರೈಸ್ತರು ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಯಲ್ಲೂ ಅದೇ ಪದ ನಿಂತಿದೆ. ಅದಕ್ಕೂ ಮೊದಲು ಈ ಕರಾವಳಿಯುದ್ದಕ್ಕೂ ಹೊತ್ತಿನ ಲೆಕ್ಕ ಗಳಿಗೆಯದು: ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲಿಟ್ಟು, ಅದು ಮುಳುಗಿದರೆ ಒಂದು ಗಳಿಗೆ, ಹಗಲಿರುಳು ಸೇರಿ ಅಂಥ 60. ಗಳಿಗೆಯಿಂದ ವೋರಿಗೆ ನಡೆದ ಈ ಪಲ್ಲಟವನ್ನು ಪಂಚಾಂಗದ ವಿಷಯವೆಂದು ಬದಿಗಿಡುವಂತಿಲ್ಲ. ಯಾರ ಸದ್ದಿಗೆ ಊರು ಏಳಬೇಕು, ಯಾರ ಸದ್ದಿಗೆ ಮಲಗಬೇಕು ಎಂಬ ಅಧಿಕಾರದ ಪ್ರಶ್ನೆ ಅದರೊಳಗಿತ್ತು.

ಹಳೆಯ ಗೋವೆಯಲ್ಲಿ ಆ ಅಧಿಕಾರ ಸೇ ಕ್ಯಾಥೆಡ್ರಲಿನ ಗೋಪುರದಲ್ಲಿತ್ತು. 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಅಲ್ಬುಕರ್ಕ್ ನಗರವನ್ನು ಗೆದ್ದನೆಂದು ಆಕೆಗೇ ಅರ್ಪಿತವಾದ ಈ ಕ್ಯಾಥೆಡ್ರಲಿನ ಕೆಲಸ 1562ರಲ್ಲಿ ಆರಂಭವಾಗಿ 1619ರವರೆಗೆ ನಡೆಯಿತು. ಇದ್ದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಕುಸಿಯಿತು, ಮತ್ತೆ ಏಳಲಿಲ್ಲ. ಉಳಿದ ಗೋಪುರದಲ್ಲಿ ‘ಚಿನ್ನದ ಗಂಟೆ’ ಎಂದು ಹೆಸರಾದ, ಗೋವೆಯಲ್ಲೇ ಅತಿ ದೊಡ್ಡದಾದ ಗಂಟೆ ತೂಗುತ್ತಿದೆ. ಅದನ್ನು 1652ರಲ್ಲಿ ಎರಕ ಹೊಯ್ದದ್ದು ಕುಂಕಳ್ಳಿಯಲ್ಲಿ. ಐವರು ಜೆಸ್ವಿತರನ್ನು 1583ರಲ್ಲಿ ಕೊಂದು, ಅದಕ್ಕೆ ಪ್ರತಿಯಾಗಿ ತನ್ನ ಮುಖಂಡರನ್ನು ಕಳೆದುಕೊಂಡ ಊರು ಅದು. ಎಪ್ಪತ್ತು ವರ್ಷ ತುಂಬುವ ಮೊದಲೇ ಕ್ಯಾಥೆಡ್ರಲಿನ ದನಿ ಅದೇ ನೆಲದಿಂದ ಹೊರಟಿತು ಎಂಬುದನ್ನು ಪ್ರವಾಸಿ ಕೈಪಿಡಿಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ.

ಆ ದನಿಯನ್ನು ಅತ್ಯಂತ ಎಚ್ಚರದಿಂದ ಆಲಿಸಿ ಬರೆದಿಟ್ಟವನು ಒಬ್ಬ ಸೆರೆಯಾಳು. ಶಾರ್ಲ್ ದೆಲೋನ್ ಎಂಬ ಫ್ರೆಂಚ್ ವೈದ್ಯನನ್ನು ದಮನದಲ್ಲಿ ಬಂಧಿಸಿ, 1674ರ ಆರಂಭದಲ್ಲಿ ಗೋವೆಯ ಇನ್‌ಕ್ವಿಜಿಷನ್ನಿನ ಸೆರೆಮನೆಗೆ ತರಲಾಯಿತು. ಕ್ಯಾಥೆಡ್ರಲ್ ಅಲ್ಲಿಗೆ ಕೂಗಳತೆಯ ದೂರ. ತನ್ನ ವಿಚಾರಣೆ ಎಂದು ಮುಗಿಯುತ್ತದೆ, ಶಿಕ್ಷೆ ಘೋಷಿಸುವ ‘ಆತು ದ ಫೆ’ಯ ಮೆರವಣಿಗೆ ಎಂದು ಹೊರಡುತ್ತದೆ ಎಂಬುದನ್ನು ಕೈದಿಗೆ ಯಾರೂ ಹೇಳುವಂತಿರಲಿಲ್ಲ. 1676ರ ಜನವರಿ 11ರ ಸಂಜೆ ಪ್ರಾರ್ಥನೆಯ ಗಂಟೆ ಮುಗಿದೊಡನೆ, ನಸುಕಿಗೆ ಸಲ್ಲಬೇಕಾದ ಪ್ರಾರ್ಥನೆಯ ಗಂಟೆಯೂ ಬಾರಿಸಿದ್ದು ಅವನ ಕಿವಿಗೆ ಬಿತ್ತು. ದಿನಕ್ರಮ ತಪ್ಪಿತ್ತು. ಮರುದಿನವೇ ಆ ದಿನ ಎಂದು ಅವನು ಊಹಿಸಿದ; ಊಹೆ ಸುಳ್ಳಾಗಲಿಲ್ಲ. ಸೂರ್ಯೋದಯಕ್ಕೆ ಮುನ್ನ ಕ್ಯಾಥೆಡ್ರಲಿನ ದೊಡ್ಡ ಗಂಟೆ ಊರಿಗೆ ಊರನ್ನೇ ಮೆರವಣಿಗೆ ನೋಡಲು ಕರೆಯಿತು. ಐದು ವರ್ಷ ಹಡಗಿನ ಹುಟ್ಟುಗೋಲಿನ ಶಿಕ್ಷೆ ಹೊತ್ತು ಲಿಸ್ಬನ್ನಿಗೆ ಹೋದ ದೆಲೋನ್, ಬಿಡುಗಡೆಯ ನಂತರ 1687ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೆಲ್ಲ ದಾಖಲಿಸಿದ್ದಾನೆ. ಗೋಡೆಯ ಹೊರಗಿನವರಿಗೆ ಹಬ್ಬದ ಕರೆಯಾಗಿದ್ದ ಸದ್ದು ಒಳಗಿನವನಿಗೆ ಇದ್ದೊಂದೇ ಗಡಿಯಾರವಾಗಿತ್ತು, ಅದೂ ಸಮಯ ತಪ್ಪಿ ಬಾರಿಸಿದಾಗ ಮಾತ್ರ ನಿಜ ಹೇಳುವ ಗಡಿಯಾರ.

ಚಿನ್ನದ ಗಂಟೆ ಚಿನ್ನದ್ದಲ್ಲ. ನಾದದ ಸಿರಿಯಿಂದ ಬಂದ ಹೆಸರು ಅದು. ಆದರೂ ಹೆಸರು ಕೇಳಿದವರ ಮನಸ್ಸು ಮೊದಲು ಹೋಗುವುದು ಲೋಹದ ಕಡೆಗೇ. ಪ್ರಾಗ್ ನಗರದ ಪ್ರಸಿದ್ಧ ಖಗೋಳ ಗಡಿಯಾರದ ಐತಿಹ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1410ರ ಆ ಗಡಿಯಾರವನ್ನು ಮಾಡಿದವನು ಕಡಾನಿನ ಮಿಕುಲಾಷ್. ಜನರ ಕಥೆಯಲ್ಲಿ ಮಾತ್ರ ಹನುಷ್ ಎಂಬ ಕುಶಲಿ ಅದನ್ನು ಮಾಡಿ, ಇನ್ನೊಂದು ನಗರಕ್ಕೆ ಅಂಥದನ್ನು ಮಾಡಿಕೊಡದಿರಲೆಂದು ನಗರದ ಹಿರಿಯರಿಂದಲೇ ಕಣ್ಣು ಕೀಳಿಸಿಕೊಳ್ಳುತ್ತಾನೆ. ಪ್ರಾಗಿನ ಕಥೆ ಮಾಡಿದವನ ದೇಹವನ್ನು ಹಿಡಿದಿದ್ದರೆ ಗೋವೆಯ ಹೆಸರು ಗಂಟೆಯ ಬೆಲೆಯನ್ನು ಹಿಡಿದಿದೆ. ಕುಂಕಳ್ಳಿಯ ಎರಕದವರ ಕೈ ಆ ಹೆಸರಿನ ಹಿಂದೆ ಮರೆಯಾಯಿತು.

ನಗರ ಸತ್ತಾಗ ಗಂಟೆಗಳೂ ಊರು ಬಿಟ್ಟವು. ಸಂತ ಅಗಸ್ಟೀನರ ಮಠದ ಗೋಪುರ 46 ಮೀಟರ್ ಎತ್ತರದ್ದು. ಸಾಂಕ್ರಾಮಿಕ ರೋಗಗಳಿಗೆ ಅಂಜಿ ಜನ ಮೊದಲೇ ಪಣಜಿಯ ಕಡೆ ಸರಿದಿದ್ದರು. ಮಠಗಳನ್ನು ಮುಚ್ಚಿಸುವ 1834ರ ರಾಜಾಜ್ಞೆ ಉಳಿದದ್ದನ್ನೂ ಖಾಲಿ ಮಾಡಿತು. ಅಗಸ್ಟೀನರ ಗಂಟೆ 1841ರಲ್ಲಿ ಅಗ್ವಾದ ಕೋಟೆಗೆ ಹೋಯಿತು. ಮರುವರ್ಷವೇ ಇಗರ್ಜಿಯ ಕಮಾನು ಚಾವಣಿ ಕುಸಿಯಿತು. 1931ರಲ್ಲಿ ಮುಖಭಾಗವೂ ಗೋಪುರದ ಅರ್ಧವೂ ಬಿದ್ದವು. ಗಂಟೆ ಮೂವತ್ತು ವರ್ಷ ಕಡಲ ಬದಿಯಲ್ಲಿದ್ದು, 1871ರಲ್ಲಿ ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಇಗರ್ಜಿಯ ನೆತ್ತಿಗೇರಿತು. ರಾಜಧಾನಿಯ ಪಟ್ಟ ಪಣಜಿಗೆ 1843ರಲ್ಲೇ ಸಂದಿತ್ತು. ಹಳೆಯ ನಗರದ ದನಿ ತಲುಪಲು ಇನ್ನೂ 28 ವರ್ಷ ಹಿಡಿಯಿತು.

ಜುವಾರಿ ನದಿಯ ದಕ್ಷಿಣ ದಂಡೆಯ ಸಾಂಕೋಲೆಯಲ್ಲಿ ಇಂಥದೇ ಸ್ಥಳಾಂತರ ಮೂರು ಶತಮಾನ ಮೊದಲೇ ನಡೆದಿತ್ತು. ಕನ್ನಡದ ಕಿವಿಗೆ ಈ ಹೆಸರು ‘ಸಂಕೋಲೆ’ಯನ್ನು ನೆನಪಿಸುತ್ತದೆ, ಊರಿನ ಸಂಪ್ರದಾಯ ಅದನ್ನು ಶಂಖಕ್ಕೆ ಜೋಡಿಸಿ ಶಂಖಾವಳಿ ಎನ್ನುತ್ತದೆ. ಸಾಷ್ಟಿಯ ದೇವಾಲಯಗಳನ್ನು 1567ರಲ್ಲಿ ಕೆಡವಿದಾಗ ಇಲ್ಲಿನ ಲಕ್ಷ್ಮೀನರಸಿಂಹ ನದಿ ದಾಟಿ ಫೋಂಡಾದ ವೇಲಿಂಗಕ್ಕೂ, ವಿಜಯದುರ್ಗೆ ಕೇರಿಗೂ ಹೋದರು. ಆಗ ಆಚೆ ದಂಡೆ ಬಿಜಾಪುರದ ಆದಿಲಶಾಹಿಗಳದು. ಮುಂದೆ ಅದು ಸೋದೆಯ ಅರಸರ ಕೈಗೂ ಬಂತು. ಹೈದರಾಲಿಗೆ ರಾಜ್ಯ ಕಳೆದುಕೊಂಡ ಸೋದೆಯ ಅರಸ ಗೋವೆಯಲ್ಲೇ ಆಶ್ರಯ ಪಡೆದ ಮೇಲಷ್ಟೇ ಫೋಂಡಾ ಪೋರ್ಚುಗೀಸರದಾಯಿತು. ಅಲ್ಲಿಯವರೆಗೆ, ಅಂದರೆ ಸುಮಾರು ಇನ್ನೂರು ವರ್ಷ, ಒಂದೇ ಊರಿಗೆ ಎರಡು ಹೊತ್ತು ನಡೆದವು. ಉಳಿದವರಿಗೆ ಇಗರ್ಜಿಯ ಗಂಟೆ, ದೇವರ ಹಿಂದೆ ಹೋದವರಿಗೆ ನೌಬತ್‌ಖಾನೆಯ ನಗಾರಿ. ನಡುವೆ ಇದ್ದದ್ದು ಒಂದು ನದಿ, ಮತ್ತು ಅದನ್ನು ದಾಟಿ ದೇವರಿಗೆ ಹರಕೆ ಸಲ್ಲಿಸಲು ಹೋದವರು ಹಿಂದಿರುಗಿದ ಮೇಲೆ ಎದುರಿಸಬೇಕಿದ್ದ ಇನ್‌ಕ್ವಿಜಿಷನ್ನಿನ ಭಯ.

ಸಾಂಕೋಲೆಯ ಆರೋಗ್ಯಮಾತೆಯ ಇಗರ್ಜಿ 1834ರಲ್ಲಿ ಬೆಂಕಿಗೆ ಆಹುತಿಯಾಯಿತು. ಕೆತ್ತನೆ ತುಂಬಿದ ಅದರ ಮುಖಗೋಡೆಯೊಂದು ಸಂರಕ್ಷಿತ ಸ್ಮಾರಕವಾಗಿ ನಿಂತಿದೆ, ಅದರ ಹಿಂದೆ ಕಟ್ಟಡವಿಲ್ಲ. ವೇಲಿಂಗದ ದೇವರಿಗೆ ಆಚೆ ದಂಡೆಯಲ್ಲಿ ಈಗಲೂ ಪೂಜೆ ನಡೆಯುತ್ತಿದೆ.