ಬೇಳೆಕಾಳಿನ ವಿಜ್ಞಾನಿ ಕಮಲಾ



ಅಲ್ ಕೂಜ್‌ನ ಅಂಗಡಿಯಿಂದ ತಂದ ತೊಗರಿಬೇಳೆಯ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಅದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಬರೆದಿರುತ್ತದೆ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ನಮ್ಮ ಬೆಂಗಳೂರಿನಲ್ಲಿ ಸಂಶೋಧನೆ ಮಾಡಿದ ಹುಡುಗಿಯೊಬ್ಬಳ ಕಥೆ ಇದು.

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರ್‌ನಲ್ಲಿ. ಭಾರತದಲ್ಲಿ ವೈದ್ಯಕೀಯ ಸಂಶೋಧನೆಗೆ ನೆರವು ನೀಡುವ ರಾಷ್ಟ್ರೀಯ ಸಂಸ್ಥೆ ಆರಂಭವಾದದ್ದೂ ಅದೇ ವರ್ಷ. ಇಂದು ನಾವು ಅದನ್ನು ಐಸಿಎಂಆರ್ ಎನ್ನುತ್ತೇವೆ.

ಕಮಲಾ ಅವರ ತಂದೆ ಮತ್ತು ಚಿಕ್ಕಪ್ಪ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 1933ರಲ್ಲಿ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಕಮಲಾ ಅಲ್ಲಿಗೇ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು.

ಕಮಲಾ ಸುಮ್ಮನಾಗಲಿಲ್ಲ. ನೇರವಾಗಿ ಬಂದು ಕಾರಣ ಕೇಳಿದರು, ಸತ್ಯಾಗ್ರಹಕ್ಕೂ ಸಿದ್ಧರಾದರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು: ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು, ನಿರ್ದೇಶಕರಿಗೆ ತೃಪ್ತಿಯಾಗದೆ ಕೆಲಸಕ್ಕೆ ಮಾನ್ಯತೆ ಇಲ್ಲ, ಗಂಡು ಸಹಪಾಠಿಗಳ ಗಮನ ಕೆಡಬಾರದು! ಆ ಅವಮಾನವನ್ನು ಅವರು ಎಷ್ಟೋ ವರ್ಷಗಳಾದರೂ ಮರೆಯಲಿಲ್ಲ.

ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಅವರು ದುಡಿದ ರೀತಿ ಕಂಡು ರಾಮನ್ ತೃಪ್ತರಾದರು. ಮುಂದೆ ಇತರ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು.

ಕಮಲಾ 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಬ್ರಿಟನ್ನಿನ ಈ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಅವರೇ ಎನ್ನುತ್ತಾರೆ. ಭಾರತಕ್ಕೆ ಮರಳಿ ಕೂನೂರಿನ ಪೌಷ್ಟಿಕಾಹಾರ ಸಂಶೋಧನಾಲಯದಲ್ಲಿ ವಿಟಮಿನ್‌ಗಳ ಬಗ್ಗೆ ಕೆಲಸ ಮಾಡಿದರು. ಅದೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಾಯಿತು. ಮದುವೆಯ ನಂತರ ಕಮಲಾ ಸೊಹೊನಿಯಾಗಿ, ಮುಂಬೈಯಲ್ಲಿ ತಾಳೆ ಜಾತಿಯ ಮರಗಳ ನೀರಾ ಕುರಿತು ಸಂಶೋಧಿಸಿದರು. ಬುಡಕಟ್ಟು ಸಮುದಾಯಗಳ ಅಪೌಷ್ಟಿಕ ಮಕ್ಕಳು ಮತ್ತು ಗರ್ಭಿಣಿಯರಿಗೆ ಅದು ಒಳ್ಳೆಯ ಆಹಾರವೆಂದು ತೋರಿಸಿಕೊಟ್ಟರು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಪೋಷಕರೇ, ಹೆಣ್ಣನ್ನು ಪ್ರಯೋಗಾಲಯದಿಂದ ಮಾತ್ರವಲ್ಲ, ಔಷಧಿಗಳ ಪ್ರಯೋಗದಿಂದಲೂ ಬಹುಕಾಲ ಹೊರಗಿಡಲಾಗಿತ್ತು. ಸರ್ಕಾರಿ ನೆರವಿನ ವೈದ್ಯಕೀಯ ಪ್ರಯೋಗಗಳಲ್ಲಿ ಮಹಿಳೆಯರೂ ಇರಬೇಕೆಂದು ಅಮೆರಿಕ ಕಾನೂನು ಮಾಡಿದ್ದು 1993ರಲ್ಲಷ್ಟೇ. ಗಂಡಸರ ಮೇಲೆ ಮಾತ್ರ ಪರೀಕ್ಷಿಸಿದ ಔಷಧಿ ನಮ್ಮ ಅಮ್ಮನಿಗೆ ಎಷ್ಟು ಪ್ರಮಾಣದಲ್ಲಿ ಬೇಕೆಂದು ಹೇಗೆ ತಿಳಿಯುತ್ತದೆ?

ಮಕ್ಕಳೇ, ಇಂದು ರಾತ್ರಿ ಸಾರು ಬಡಿಸಿಕೊಳ್ಳುವಾಗ ಕಮಲಾ ಅವರ ಕಥೆಯನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ. ನಿಮ್ಮ ಅಜ್ಜಿಗೂ ಫೋನ್ ಮಾಡಿ, ಅವರಿಗೆ ಏನು ಓದಬೇಕೆಂಬ ಆಸೆ ಇತ್ತು ಎಂದು ಕೇಳಿ.